ಅತಿಥಿಗಳ ವೈಫೈ

ಹಾರ್ಮೆನ್ ತನ್ನ ಸ್ವಂತ ಮನೆಯಲ್ಲೇ ಅತಿಥಿಯಾದದ್ದು ಫೆಬ್ರವರಿಯ ಒಂದು ಮಂಗಳವಾರ, ಸಂಜೆ ಆರು ಗಂಟೆ ಐದು ನಿಮಿಷಕ್ಕೆ. ಆರಕ್ಕೆ ಸರಿಯಾಗಿ ಊಟಕ್ಕೆ ಕೂತಿದ್ದರು. ಸೊಪ್ಪು ಸೇರಿಸಿ ಹಿಸುಕಿದ ಆಲೂಗಡ್ಡೆ ಇನ್ನೂ ಹೊಗೆಯಾಡುತ್ತಿತ್ತು. ಅವನು ಅದರ ನಡುವೆ ಚಮಚದಿಂದ ಗುಳಿ ತೋಡಿ, ಮಾಂಸದ ರಸ ಸುರಿದುಕೊಳ್ಳುವಷ್ಟರಲ್ಲಿ ವೀಟ್ಸ್ಕೆ ಮಾತು ತೆಗೆದಳು.

"ನಾಳೆಯಿಂದ ನೀನು ಅತಿಥಿಗಳ ವೈಫೈ ಬಳಸು."

"ಯಾವ ಅತಿಥಿಗಳು ಬಂದಿದಾರೆ?"

"ನೀನೇ."

ವೀಟ್ಸ್ಕೆ ಅವನ ಹೆಂಡತಿಯಾಗಿದ್ದವಳು. ಜನವರಿಯಲ್ಲಿ ಇಬ್ಬರೂ ವಿಚ್ಛೇದನದ ಕಾಗದಕ್ಕೆ ಒಂದೇ ಪೆನ್ನಿನಲ್ಲಿ ಸಹಿ ಹಾಕಿ, ಒಂದೇ ಕಾರಿನಲ್ಲಿ ಕೂತು, ಒಂದೇ ಮನೆಗೆ ವಾಪಸು ಬಂದಿದ್ದರು. ಬೇರೆ ಮನೆ ಇರಲಿಲ್ಲ. ಇಡೀ ಡ್ರೆಂಟೆ ಸೀಮೆಯಲ್ಲಿ ಖಾಲಿ ಮನೆಯೆಂದು ಉಳಿದದ್ದು ಚರ್ಚಿನ ಮೇಲಿನ ಕೊಕ್ಕರೆ ಗೂಡೊಂದೇ. ಅದಕ್ಕೂ ಎರಡು ಜೋಡಿ ಹೆಸರು ಬರೆಸಿ ಕಾಯುತ್ತಿದ್ದವು. ಹಾಗಾಗಿ ಹಾರ್ಮೆನ್ ಹೆಂಡತಿಯನ್ನು ಬಿಟ್ಟು ಹೋದದ್ದು ಹದಿನಾಲ್ಕು ಮೆಟ್ಟಿಲು ದೂರ, ಅಟ್ಟಕ್ಕೆ.

ಒಂದೇ ಸೂರಿನಡಿ ಬೇರೆಯಾಗಿರುವುದು ಹೇಗೆಂದು ಮಧ್ಯಸ್ಥಿಕೆಯ ಹೆಂಗಸು ಹನ್ನೊಂದು ಪುಟ ಬರೆದುಕೊಟ್ಟಿದ್ದಳು. ಫ್ರಿಜ್ಜಿನ ನಡುವಿನ ಶೆಲ್ಫು ಹಾರ್ಮೆನ್‌ಗೆ. ಬಚ್ಚಲು ಬೆಳಿಗ್ಗೆ ಏಳರಿಂದ ಏಳೂ ಇಪ್ಪತ್ತು. ಬಟ್ಟೆ ಒಗೆಯುವ ಯಂತ್ರ ಬುಧವಾರ, ಶನಿವಾರ. ರಜೆಗೆ ಎಳೆದೊಯ್ಯುವ ಕ್ಯಾರವಾನು ವೀಟ್ಸ್ಕೆಗೆ, ಅದರ ಮುಂದೆ ಕಟ್ಟುವ ಡೇರೆ ಹಾರ್ಮೆನ್‌ಗೆ. ಇಡೀ ಸಂಸಾರದ್ದಾಗಿದ್ದ ಇಮೇಲ್ ವಿಳಾಸ ವೀಟ್ಸ್ಕೆಗೆ. ಮಗಳ ಶಾಲೆ ಮುಗಿಯುವವರೆಗೆ ರಾತ್ರಿಯೂಟ ಮೂವರೂ ಒಟ್ಟಿಗೆ. ಬೆಳ್ಳುಳ್ಳಿ ಜಜ್ಜುವ ಇಕ್ಕಳದ ಮೇಲೆಯೇ ಅರ್ಧ ಪುಟ ಇತ್ತು. ವೈಫೈ ಒಂದು ಮರೆತುಹೋಗಿತ್ತು.

"ಅದು ಗಾಳಿ ಇದ್ದ ಹಾಗೆ. ಗಾಳೀನ ಪಾಲು ಮಾಡ್ತಾರಾ?" ಎಂದ ಹಾರ್ಮೆನ್.

"ಗಾಳಿ ನನ್ನ ಹೆಸರಲ್ಲಿದೆ. ನಿನ್ನೆ ನಾನು ಆಫೀಸಿನವರ ಜೊತೆ ಮೀಟಿಂಗಲ್ಲಿದ್ದಾಗ ನೀನು ಮೇಲೆ ಹಳೇ ಸ್ಕೇಟಿಂಗ್ ರೇಸ್ ನೋಡ್ತಿದ್ದೆ. ನನ್ನ ಮುಖ ಬಾಯಿ ತೆರಕೊಂಡು ನಿಂತುಬಿಡ್ತು. ಹನ್ನೆರಡು ಜನ ನೋಡಿದ್ರು."

"ಆ ಮುಖಾನ ನಾನು ಇಪ್ಪತ್ತು ವರ್ಷ ನೋಡಿದೀನಿ. ಏನೂ ಆಗಲ್ಲ."

"ಫೆನ್ನಾ, ಅಪ್ಪನಿಗೆ ಬೇರೆ ಲಾಗಿನ್ ಮಾಡಿಕೊಡು."

ಫೆನ್ನಾಗೆ ಹದಿನೇಳು. ಮೇ ತಿಂಗಳಲ್ಲಿ ಶಾಲೆಯ ಕೊನೆ ಪರೀಕ್ಷೆ. ಹನ್ನೆರಡು ವರ್ಷದವಳಿದ್ದಾಗ ರೌಟರಿನ ಒಡೆತನದ ಪಾಸ್‌ವರ್ಡ್ ಬದಲಾಯಿಸಿದವಳು ಮತ್ತೆ ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ. ಮನೆ ಬ್ಯಾಂಕಿನದು, ಬ್ಯಾಂಕಿನ ಕಾಗದ ಅಪ್ಪ ಅಮ್ಮನದು, ಸೆಟ್ಟಿಂಗ್ಸ್ ಫೆನ್ನಾದು.

"ನನ್ನ ಯಾಕೆ ಎಳೀತೀರ ಮಧ್ಯಕ್ಕೆ," ಎಂದಳು.

"ನಿನಗೊಬ್ಬಳಿಗೇ ಬರೋದು."

ತಟ್ಟೆ ಖಾಲಿ ಮಾಡಿ, ಕಿಟಕಿಯಲ್ಲಿ ಆರ್ಕಿಡ್ ಕುಂಡಗಳ ನಡುವೆ ಕೂತಿದ್ದ ರೌಟರನ್ನು ಒಮ್ಮೆ ನೋಡಿ, ಹುಡುಗಿ ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದಳು. ಹೊಸ ಪಾಸ್‌ವರ್ಡನ್ನು ಪಾಯಿಖಾನೆಯಲ್ಲಿ ನೇತುಹಾಕಿದ್ದ ಹುಟ್ಟುಹಬ್ಬದ ಕ್ಯಾಲೆಂಡರಿನ ಅಂಚಿಗೆ ಬರೆದಳು. ಮನೆಗೆ ಬಂದವರೆಲ್ಲ ಒಮ್ಮೆಯಾದರೂ ಕೂರುವ ಜಾಗ ಅದು. ಅತಿಥಿಗಳಿಗೆ ತಿಳಿಸಬೇಕಾದ್ದನ್ನು ಬರೆಯಲು ಅದಕ್ಕಿಂತ ಒಳ್ಳೆಯ ಗೋಡೆ ಆ ಊರಿನ ಯಾವ ಮನೆಯಲ್ಲೂ ಇಲ್ಲ. ಕ್ಯಾಲೆಂಡರಿನಲ್ಲಿ ಹಾರ್ಮೆನ್‌ನ ಹುಟ್ಟಿದ ದಿನವೂ ಇತ್ತು. ವೀಟ್ಸ್ಕೆ ಹೊಡೆದುಹಾಕಿರಲಿಲ್ಲ, ಆವರಣ ಚಿಹ್ನೆಯೊಳಗೆ ಹಾಕಿದ್ದಳು.

ಮರುದಿನ ಅವನು ಅಟ್ಟದಲ್ಲಿ ಲ್ಯಾಪ್‌ಟಾಪ್ ತೆರೆದಾಗ ಪರದೆ ಕೇಳಿತು: "ಪ್ರಿಯ ಅತಿಥಿಗಳೇ, ಸ್ವಾಗತ. ಎಷ್ಟು ದಿನ ಇರುತ್ತೀರಿ?" ಕೆಳಗೆ ಮೂರು ಗುಂಡಿ. ಒಂದು ಗಂಟೆ. ಒಂದು ದಿನ. ಹೆಚ್ಚು ದಿನ ಇರುವವರು ಮನೆಯವರನ್ನು ಸಂಪರ್ಕಿಸಿ.

ಹಾರ್ಮೆನ್ ಮೆಟ್ಟಿಲಿನಿಂದ ಕೂಗಿದ. "ಫೆನ್ನಾ, ಇದೇನೇ ಇದು?"

"ಅದು ಕಂಪನಿಯವರ ಪುಟ ಅಪ್ಪ. ನಾನು ಭಾಷೆ ಮಾತ್ರ ಆರಿಸಿದ್ದು."

"ಪ್ರಿಂಟರ್ ಕಾಣ್ತಿಲ್ಲ."

"ಅತಿಥಿಗಳಿಗೆ ಪ್ರಿಂಟರ್ ಕಾಣಲ್ಲ."

ಅವನು ಒಂದು ದಿನ ಎಂಬ ಗುಂಡಿ ಒತ್ತಿದ. ಅಂದಿನಿಂದ ಪ್ರತಿ ಬೆಳಿಗ್ಗೆ ಬಚ್ಚಲಿನ ಇಪ್ಪತ್ತು ನಿಮಿಷ ಮುಗಿಸಿ, ಒಂದು ದಿನದ ಮಟ್ಟಿಗೆ ತನ್ನ ಮನೆಗೆ ಬರುತ್ತಿದ್ದ.

ಗುರುವಾರ ವೀಟ್ಸ್ಕೆಯ ತಾಯಿ ಆಲ್ಟ್ಯೆ ಕಾಫಿಗೆ ಬರುವ ದಿನ. ಎಂಬತ್ತು ದಾಟಿದ ಮುದುಕಿ, ಕಿವಿ ಮಂದ, ಬಾಯಿ ಚುರುಕು. ವೀಟ್ಸ್ಕೆ ಬಿಸ್ಕತ್ತಿನ ಡಬ್ಬಿ ತೆರೆದು ಎಲ್ಲರ ಮುಂದೆ ಒಮ್ಮೆ ಹಿಡಿದು, ಒಬ್ಬೊಬ್ಬರೂ ಒಂದೊಂದು ತೆಗೆದದ್ದನ್ನು ಖಾತ್ರಿ ಮಾಡಿಕೊಂಡು, ಮುಚ್ಚಳ ಹಾಕಿದಳು. ಆ ಮುಚ್ಚಳದ ಸದ್ದಿಗೆ ಕಾಲುವೆಯ ಆಚೆ ದಡದ ನಾಯಿಗಳೂ ಆಸೆ ಬಿಟ್ಟು ಮಲಗುತ್ತಿದ್ದವು.

"ನನ್ನ ಫೋನು ಇಲ್ಲಿಗೆ ಬಂದ ಕೂಡಲೇ ತಾನೇ ಹತ್ತಿಕೊಳ್ಳುತ್ತೆ," ಎಂದಳು ಆಲ್ಟ್ಯೆ. "ನಿನ್ನದು ಹತ್ತಲ್ವಂತೆ, ಹಾರ್ಮೆನ್?"

"ನೀವು ಮನೆಯವರು ಅತ್ತೆ. ನಾನು ಅತಿಥಿ."

"ಅತಿಥಿ ಆಗಿ ನಿನಗೆ ಒಳ್ಳೆ ಅಭ್ಯಾಸ ಇದೆ. ಇಪ್ಪತ್ತು ವರ್ಷದಲ್ಲಿ ಒಂದು ಲೋಟ ತೊಳೆದದ್ದು ನಾ ನೋಡಿಲ್ಲ."

"ಪಾತ್ರೆ ತೊಳೆಯೋ ಯಂತ್ರ ತಂದವನು ನಾನೇ ಅತ್ತೆ."

"ಅದನ್ನೇ ಹೇಳಿದ್ದು."

ಈ ಅವಮಾನವನ್ನು ಹಾರ್ಮೆನ್ ನುಂಗಿಕೊಂಡದ್ದಕ್ಕೆ ಕಾರಣವಿತ್ತು. ಅವನಿಗೊಂದು ಮನೆ ಬರುವುದಿತ್ತು.

ಹದಿನಾಲ್ಕು ವರ್ಷದ ಹಿಂದೆ, ಫೆನ್ನಾ ಮೂರರ ಮಗುವಾಗಿದ್ದಾಗ, ಕ್ಯಾರವಾನಿನ ಡೇರೆ ಕಟ್ಟುವ ವಿಷಯಕ್ಕೆ ಗಂಡ ಹೆಂಡಿರಿಗೆ ಮಳೆಯಲ್ಲಿ ನಿಂತು ಜಗಳವಾಗಿ, ಹಾರ್ಮೆನ್ ಸಿಟ್ಟಿನಲ್ಲಿ ಹೋಗಿ ಬಾಡಿಗೆ ಮನೆ ಹಂಚುವ ಸಂಘದಲ್ಲಿ ಹೆಸರು ಬರೆಸಿದ್ದ. ಮಾರನೇ ದಿನ ರಾಜಿಯಾಯಿತು. ಆದರೆ ವೀಟ್ಸ್ಕೆ ಶಿಸ್ತಿನ ಹೆಂಗಸು. ಮನೆಗೆ ಬೆಂಕಿ ವಿಮೆ ಕಟ್ಟುವ ದಿನವೇ ಗಂಡನ ಈ ನೋಂದಣಿಯನ್ನೂ ವರ್ಷವರ್ಷ ತಪ್ಪದೆ ನವೀಕರಿಸುತ್ತ ಬಂದಿದ್ದಳು. ಈಗ ಆ ಹದಿನಾಲ್ಕು ವರ್ಷದ ಕಾಯುವಿಕೆಯೇ ಹಾರ್ಮೆನ್‌ನ ಇಡೀ ಆಸ್ತಿ. ಪ್ರತಿ ಸೋಮವಾರ ಸಂಘದ ಜಾಲತಾಣದಲ್ಲಿ ಸರದಿಯ ಸಂಖ್ಯೆ ಕಾಣುತ್ತಿತ್ತು. ಫೆಬ್ರವರಿಯಲ್ಲಿ ಇನ್ನೂರ ಹನ್ನೆರಡು, ಆಮೇಲೆ ನಲವತ್ತು. ಒಂದಕ್ಕೆ ಬಂದಾಗ ಏಳು ದಿನದೊಳಗೆ ಅಲ್ಲೇ ಒಪ್ಪಿಗೆ ಒತ್ತಬೇಕು, ಕಾಗದ ಸೇರಿಸಬೇಕು. ಒತ್ತದಿದ್ದರೆ ಕಾದ ವರ್ಷಗಳೆಲ್ಲ ಅಳಿಸಿ, ಸೊನ್ನೆಯಿಂದ ಶುರು.

ಮಾರ್ಚಿನ ಎರಡನೇ ಸೋಮವಾರ ಅವನು ಊಟಕ್ಕೆ ಬಂದವನೇ ಹೇಳಿದ. "ಆರು."

ವೀಟ್ಸ್ಕೆ ಅವತ್ತು ಅವನ ತಟ್ಟೆಗೆ ಎರಡನೇ ಮಾಂಸದುಂಡೆ ಹಾಕಿದಳು. ಮದುವೆಯಿದ್ದಾಗಲೂ ಅದು ಶುಕ್ರವಾರ ಮಾತ್ರ ಸಿಗುತ್ತಿತ್ತು.

"ಎಲ್ಲಿ ಮನೆ?" ಎಂದಳು ಫೆನ್ನಾ.

"ಆಸೆನ್ ಊರಲ್ಲಿ. ಮೂರನೇ ಮಹಡಿ. ಬಾಲ್ಕನಿ ಇದೆ."

"ಎಷ್ಟು ಕೋಣೆ?"

"ಒಂದೂವರೆ."

"ನನ್ನದು ಯಾವುದು? ಅರ್ಧವಾ?"

"ಅರ್ಧದಲ್ಲಿ ಅಡುಗೆಮನೆ ಇರುತ್ತೆ ಅನ್ಸುತ್ತೆ," ಎಂದ ಹಾರ್ಮೆನ್. "ಸೋಫಾ ತಗೋತೀನಿ. ಬಿಡಿಸಿದ್ರೆ ಹಾಸಿಗೆ ಆಗೋದು."

"ಪರೀಕ್ಷೆ ಹೊತ್ತಿಗೆ ನೀನಿಲ್ಲಿ ಇರಲ್ಲ ಹಾಗಾದ್ರೆ."

"ಪರೀಕ್ಷೆ ಬರಿಯೋಳು ನೀನಲ್ವಾ."

ಫೆನ್ನಾ ತನ್ನ ಪಾಲಿನ ಆಲೂಗಡ್ಡೆಯನ್ನು ಫೋರ್ಕಿನಿಂದ ಇನ್ನಷ್ಟು ಹಿಸುಕಿದಳು. ಅದು ಮೊದಲೇ ಹಿಸುಕಿದ್ದಾಗಿತ್ತು.

ಮುಂದಿನ ಸೋಮವಾರ ಹಾರ್ಮೆನ್ ತಾಣ ತೆರೆದರೆ ಸಂಖ್ಯೆಯಿಲ್ಲ. ಬಿಳಿ ಪುಟದ ಮೇಲೆ ಮೂರು ಸಾಲು:

"ದುರಸ್ತಿ ನಡೆದಿದೆ. ದಯವಿಟ್ಟು ಕಾಯಿರಿ. ನೀವು ನಮಗೆ ಕಾಣುತ್ತಿದ್ದೀರಿ."

ಬೇರೆ ಯಾರೇ ಆಗಿದ್ದರೂ ಬೈದು ಫೋನು ಮಾಡುತ್ತಿದ್ದರು. ಆದರೆ ಹಾರ್ಮೆನ್ ಇಪ್ಪತ್ತಾರು ವರ್ಷದಿಂದ ಕಾಲುವೆಯ ಸೇತುವೆ ಕಾಯುವವನು. ದೋಣಿ ಬಂದರೆ ಸೇತುವೆ ಎತ್ತುವುದು, ಹೋದರೆ ಇಳಿಸುವುದು, ಕೆಟ್ಟರೆ ಬೋರ್ಡು ನೇತುಹಾಕುವುದು. ದುರಸ್ತಿ ಎಂದು ಬರೆದಿರುವ ಕಡೆ ದುರಸ್ತಿ ನಡೆಯುತ್ತಿರುತ್ತದೆ ಎಂಬುದರಲ್ಲಿ ಅವನಿಗೆ ದೇವರಿಗಿಂತ ಹೆಚ್ಚು ನಂಬಿಕೆ. ಒಮ್ಮೆ ಅವನ ಬೋರ್ಡು ನೋಡಿ ನಿಂತ ಜರ್ಮನಿಯ ದೋಣಿಯೊಂದು ಎಷ್ಟು ದಿನ ಕಾಯಿತೆಂದರೆ, ಅದರ ನಾಯಿ ಊರಿನಲ್ಲಿ ಮೂರು ಸಲ ಮರಿ ಹಾಕಿಸಿ ಹೋಯಿತು. ಅಷ್ಟೇ ಅಲ್ಲ, ಈ ಮೂರು ಸಾಲು ಸ್ವತಃ ಅವನವೇ. ಸೇತುವೆಯ ಬೋರ್ಡಿಗೆ ಅವನೇ ಯೋಚಿಸಿ ಬರೆಸಿದ್ದವು. ದೋಣಿಯವರಿಗೆ ಸಿಟ್ಟು ಬರುವುದು ಕಾಯುವುದಕ್ಕಲ್ಲ, ತಮ್ಮನ್ನು ಯಾರೂ ನೋಡುತ್ತಿಲ್ಲವಲ್ಲ ಎಂದು. ಅದಕ್ಕಾಗಿ ಆ ಕೊನೆಯ ಸಾಲು.

"ಸಂಘದವರು ನನ್ನ ಬೋರ್ಡು ನೋಡಿ ಕದ್ದಿದಾರೆ," ಎಂದ ಅವತ್ತು ಊಟಕ್ಕೆ ಕೂತು. ಕದ್ದದ್ದಕ್ಕೆ ಬೇಸರವಿರಲಿಲ್ಲ. "ಅಕ್ಷರ ಅಕ್ಷರ. ಆ ಆಫೀಸಿನಲ್ಲಿ ಯಾರಿಗೋ ದೋಣಿ ಇರಬೇಕು."

"ಎಷ್ಟು ದಿನದ ದುರಸ್ತಿ?" ಎಂದಳು ವೀಟ್ಸ್ಕೆ.

"ಬರೆದಿಲ್ಲ. ಬರೆಯಬಾರದು. ತಾರೀಕು ಬರೆದ್ರೆ ಜನ ಹಿಡಕೊಳ್ತಾರೆ."

"ಫೋನು ಮಾಡು ಹಾಗಾದ್ರೆ."

"ರಿಪೇರಿ ಮಾಡೋವಾಗ ಫೋನು ಮಾಡಿದ್ರೆ ಇನ್ನೂ ತಡ ಆಗುತ್ತೆ. ನನಗೆ ಗೊತ್ತಿಲ್ವಾ."

ಫೆನ್ನಾ ಉಪ್ಪಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತಿದ್ದಳು.

ಆ ವಾರಗಳಲ್ಲಿ ಹುಡುಗಿ ಅಪ್ಪನ ವಿಷಯದಲ್ಲಿ ಬಹಳ ಮೃದುವಾದಳು. ಅವನ ಲ್ಯಾಪ್‌ಟಾಪಿಗೆ ಪ್ರಿಂಟರ್ ಕಾಣುವಂತೆ ಮಾಡಿಕೊಟ್ಟಳು. ಗುಂಡಿಗಳ ನಡುವೆ ಒಂದು ವಾರ ಎಂಬ ಹೊಸ ಗುಂಡಿ ಬಂತು. ಇತಿಹಾಸದ ಪುಸ್ತಕ ಹಿಡಿದು ಅಟ್ಟಕ್ಕೆ ಬಂದು, "ಪ್ರಶ್ನೆ ಕೇಳು" ಎನ್ನುತ್ತಿದ್ದಳು. ಅವನು ಕೇಳಿದರೆ ಉತ್ತರ ಅವಳಿಗೆ ಗೊತ್ತಿರುತ್ತಿತ್ತು, ತಿಳಿಯದಿದ್ದರೆ ಅವನಿಗೂ ತಿಳಿಯುತ್ತಿರಲಿಲ್ಲ, ಇಬ್ಬರೂ ಬೆಣ್ಣೆ ಹಚ್ಚಿದ ಬ್ರೆಡ್ಡಿನ ಮೇಲೆ ಚಾಕೊಲೇಟ್ ಕಾಳು ಉದುರಿಸಿ ತಿನ್ನುತ್ತಿದ್ದರು. ಅವಳ ಸೈಕಲ್ಲಿನ ಚಕ್ರಕ್ಕೆ ಅವನು ತೇಪೆ ಹಾಕಿದ. ಮೋರಿ ಶುಚಿ ಮಾಡಿದ. ಹಾರ್ಮೆನ್‌ಗೆ ಬದುಕು ಪರವಾಗಿಲ್ಲ ಅನ್ನಿಸತೊಡಗಿತು, ಅವನಿಗೆ ಅಪಾಯದ ಗುರುತು ಯಾವಾಗಲೂ ಅದೇ.

ಏಪ್ರಿಲ್ ಮಧ್ಯದ ಒಂದು ಶನಿವಾರ, ಅವನು ಅಂಗಳದಲ್ಲಿ ತನ್ನ ಸರದಿಯ ಬಟ್ಟೆ ಒಣಹಾಕುತ್ತಿದ್ದಾಗ ವೀಟ್ಸ್ಕೆ ಹಿತ್ತಲ ಬಾಗಿಲಲ್ಲಿ ಬಂದು ನಿಂತಳು. ತೆರೆದ ಲ್ಯಾಪ್‌ಟಾಪನ್ನು ಊಟದ ತಟ್ಟೆಯಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು.

"ನಿನಗೆ ಮನೆ ಬಂದಿತ್ತು," ಎಂದಳು.

"ಯಾವಾಗ?"

"ಮಾರ್ಚ್ ಇಪ್ಪತ್ತನಾಲ್ಕು. ಏಳು ದಿನ ಇಟ್ಟಿದ್ರು. ನೀನು ಒತ್ತಲಿಲ್ಲ. ಬೇರೆಯವರಿಗೆ ಕೊಟ್ಟಿದಾರೆ."

ಸಂಸಾರದ ಹಳೆಯ ಇಮೇಲ್ ವಿಳಾಸಕ್ಕೆ ಸಂಘದವರು ಮೂರು ಸಲ ಬರೆದಿದ್ದರು. ಗಂಡನ ಹೆಸರಿರುವ ಪತ್ರಗಳು ಕಣ್ಣಿಗೆ ಬೀಳಬಾರದೆಂದು ಜನವರಿಯಲ್ಲಿ ಅವಳು ಅವೆಲ್ಲ ತಾವಾಗಿ ಒಂದು ಮೂಲೆಗೆ ಹೋಗಿ ಬೀಳುವಂತೆ ಮಾಡಿಟ್ಟಿದ್ದಳು. ಈವತ್ತು ತೆರಿಗೆ ಕಚೇರಿಯ ಪತ್ರ ಹುಡುಕುತ್ತ ಆ ಮೂಲೆಗೆ ಹೋಗಿದ್ದಳು.

"ಆದರೆ ತಾಣವೇ ತೆರೆಯುತ್ತಿಲ್ಲ ವೀಟ್ಸ್ಕೆ. ನಾಲ್ಕು ವಾರದಿಂದ ದುರಸ್ತಿ."

"ನನಗೆ ತೆರೆಯುತ್ತೆ. ನೋಡು."

ಹಾರ್ಮೆನ್ ಕೈಯಲ್ಲಿದ್ದ ಒದ್ದೆ ಕಾಲುಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ನೋಡಿದ. ತಾಣ ತೆರೆದಿತ್ತು. ಬಣ್ಣಬಣ್ಣದ ಮನೆಗಳಿದ್ದವು. ಅವನ ಹೆಸರಿದ್ದಲ್ಲಿ, ಕಾದ ಅವಧಿ: ಸೊನ್ನೆ ವರ್ಷ, ಹತ್ತೊಂಬತ್ತು ದಿನ. ಸರದಿ: ನಾಲ್ಕು ಸಾವಿರದ ಮುನ್ನೂರ ಹದಿನೆಂಟು.

"ನಿಂದು ಯಾವ ತಾಣ ದುರಸ್ತಿಯಲ್ಲಿರೋದು? ತೋರಿಸು ನನಗೆ," ಎಂದಳು ವೀಟ್ಸ್ಕೆ.

ಹಾರ್ಮೆನ್ ಹದಿನಾಲ್ಕು ಮೆಟ್ಟಿಲು ಹತ್ತಿದ. ಲ್ಯಾಪ್‌ಟಾಪ್ ಮೂರು ಸಾಲು ತೋರಿಸಿತು. ನೀವು ನಮಗೆ ಕಾಣುತ್ತಿದ್ದೀರಿ. ಸೇತುವೆಯಲ್ಲಿ ಕೆಂಪು ದೀಪ ಬಂದ ಮೇಲೆ ಆ ಬೋರ್ಡು ನಾಲ್ಕು ವರ್ಷದಿಂದ ಅವನ ಹಿತ್ತಲಿನ ಸಾಮಾನು ಕೊಟ್ಟಿಗೆಯಲ್ಲೇ ಗೋಡೆಗೆ ಮುಖ ಮಾಡಿ ನಿಂತಿತ್ತು. ಸಂಘದವರು ಯಾರೂ ಕೊಟ್ಟಿಗೆಗೆ ಬಂದಿರಲಿಲ್ಲ. ಅದಕ್ಕೆ ಬಣ್ಣ ಬಳಿದವಳು ಎಂಟು ವರ್ಷದ ಫೆನ್ನಾ. ಕೊನೆಯ ಸಾಲಿಗೆ ಜಾಗ ಸಾಲದೆ ಅಕ್ಷರ ಚಿಕ್ಕದು ಮಾಡುತ್ತ ಹೋಗಿದ್ದಳು. ಪರದೆಯ ಮೇಲೂ ಆ ಸಾಲು ಒಂದು ಅಳತೆ ಚಿಕ್ಕದಿತ್ತು.

ಹಿಂದೆ ಮೆಟ್ಟಿಲ ಮೇಲೆ ವೀಟ್ಸ್ಕೆಯ ಹೆಜ್ಜೆ ಕೇಳಿಸಿತು. ಅವನು ಲ್ಯಾಪ್‌ಟಾಪ್ ಮುಚ್ಚಿದ.

"ಏನಾಯ್ತು?"

"ನಂದೇ ತಪ್ಪು. ವಿಳಾಸ ತಪ್ಪು ಹೊಡೀತಿದ್ದೆ. ಬೇರೆ ಯಾವುದೋ ಸಂಘದ್ದು."

"ನಾಲ್ಕು ವಾರ?"

"ಹ್ಞೂಂ."

ವೀಟ್ಸ್ಕೆ ಮೆಟ್ಟಿಲ ಮೇಲೆಯೇ ಕೂತಳು. ಕೂಗಾಡುತ್ತಾಳೆಂದು ಅವನು ಕಾದ. ಅವಳು ಮೆಲ್ಲಗೆ ಮಾತಾಡಿದ್ದು ಅದಕ್ಕಿಂತ ಕಷ್ಟವಾಯಿತು.

"ಹದಿನಾಲ್ಕು ವರ್ಷ ನಾನು ಅದನ್ನ ಕಾಪಾಡಿದೆ ಹಾರ್ಮೆನ್. ಮಗುಗೆ ಜ್ವರ ಇದ್ದ ವರ್ಷಾನೂ ಬಿಡಲಿಲ್ಲ. ನೀನು ಒಂದು ಗುಂಡಿ ಒತ್ತಬೇಕಿತ್ತು. ಈಗ ಇನ್ನೊಂದು ಹದಿನಾಲ್ಕು ವರ್ಷ. ನನಗೆ ಅರವತ್ತೆರಡಾಗುತ್ತೆ."

"ನನಗೆ ಅರವತ್ತಾರು."

"ನಿನ್ನ ವಯಸ್ಸು ನಾ ಕೇಳಲಿಲ್ಲ."

ಸೋಮವಾರ ಅವಳು ಸಂಘಕ್ಕೆ ಫೋನು ಮಾಡಿದಳು. ನಲವತ್ತು ನಿಮಿಷ ಸಂಗೀತ ಕೇಳಿಸಿ, ನಿಯಮ ಎಲ್ಲರಿಗೂ ಒಂದೇ ಎಂದು ಹೇಳಿದರು. ಪತ್ರ ಬರೆದಳು, ಪತ್ರ ತಲುಪಿದೆ ಎಂದು ಪತ್ರ ಬಂತು.

ಆ ಸೋಮವಾರವೇ ಮಧ್ಯಾಹ್ನ ಫೆನ್ನಾ ಸೈಕಲ್ ತುಳಿದುಕೊಂಡು ಸೇತುವೆಗೆ ಬಂದಳು. ಹಾರ್ಮೆನ್ ತನ್ನ ಗಾಜಿನ ಗೂಡಿನಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದ.

"ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಏನಂತ ಹೇಳ್ಲಿ?"

"ಆ ಪುಟ ಹಾಕಿದ್ದು ನಾನು ಅಂತ." ಅವಳು ಸೈಕಲ್ ಇಳಿಯದೆ ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದಳು. "ಪರೀಕ್ಷೆ ಮುಗಿಯೋವರೆಗೆ ಅಂತ ಮಾಡಿದೆ ಅಪ್ಪ. ಆಮೇಲೆ ತೆಗೀತಿದ್ದೆ. ಇನ್ನೊಂದು ಮನೆ ಬರುತ್ತೆ ಅಂದ್ಕೊಂಡೆ. ವರ್ಷ ಎಲ್ಲ ಹೋಗಿಬಿಡುತ್ತೆ ಅಂತ ಗೊತ್ತಿರಲಿಲ್ಲ."

"ನಿಯಮದಲ್ಲಿ ಬರೆದಿತ್ತು."

"ನಿಯಮ ಯಾರು ಓದ್ತಾರೆ?"

"ನಾನೂ ಓದಿರಲಿಲ್ಲ. ನಿಮ್ಮಮ್ಮ ಹೇಳಿದ್ದು."

ನೀರಿನ ಮೇಲೆ ಬಾತುಕೋಳಿಯೊಂದು ಎಲ್ಲಿಗೂ ಹೋಗದೆ ಕಾಲಾಡಿಸುತ್ತಿತ್ತು.

"ಬಯ್ಯು," ಎಂದಳು ಫೆನ್ನಾ.

"ಬೈದ್ರೆ ಸರದಿ ಕಡಿಮೆ ಆಗುತ್ತಾ?" ಅವನು ಬಾಯಿ ಒರೆಸಿಕೊಂಡ. "ದೋಣಿ ಬರ್ತಿದೆ. ಆ ಕಡೆ ನಿಲ್ಲು. ಸೇತುವೆ ಎತ್ತಬೇಕು."

ಅವಳು ಆ ಕಡೆ ಹೋದಳು. ಸೇತುವೆ ಎದ್ದಿತು. ಅದು ಇಳಿಯುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ಬಯ್ಯಬೇಕಿತ್ತೇನೋ ಎಂದು ಅವನಿಗೆ ಆಮೇಲೆ ಬಹಳ ದಿನ ಅನ್ನಿಸಿತು.

ಮೇ ತಿಂಗಳಲ್ಲಿ ಅವಳು ಪರೀಕ್ಷೆ ಬರೆದಳು. ಜೂನಿನಲ್ಲಿ ಪಾಸಾದಳು. ಊರಿನ ಪದ್ಧತಿಯಂತೆ ಹಾರ್ಮೆನ್ ಮನೆಯ ಮುಂದೆ ಬಾವುಟ ಕಟ್ಟಿ, ಅದರ ಕೋಲಿನ ತುದಿಗೆ ಅವಳ ಶಾಲೆಯ ಚೀಲ ನೇತುಹಾಕಿದ. ವೀಟ್ಸ್ಕೆ ಏಣಿ ಹಿಡಿದಿದ್ದಳು. ವಿಚ್ಛೇದನಕ್ಕೆ ಸಹಿ ಹಾಕಿದ್ದು ಬಿಟ್ಟರೆ ಅವರಿಬ್ಬರೂ ಆ ವರ್ಷ ಸೇರಿ ಮಾಡಿದ ಕೆಲಸ ಅದೊಂದೇ. ಆಗಲೂ "ಎಡಕ್ಕೆ", "ಎಡಕ್ಕೇ ಇದೆ" ಎಂಬ ಎರಡು ಮಾತು ಮಾತ್ರ ನಡೆದವು. ಆಲ್ಟ್ಯೆ ಕೆಳಗೆ ನಿಂತು, "ಚೀಲ ಕಟ್ಟಿದವನೂ ಹಾಗೇ ಹೊರಗಡೆ ನೇತಾಡಿದ್ರೆ ಚೆನ್ನಾಗಿತ್ತು," ಎಂದಳು.

ಬಾವುಟ ಇಳಿಸುವ ಹೊತ್ತಿಗೆ ಫೆನ್ನಾಗೆ ದೂರದ ನೈಮೇಖನ್ ನಗರದಲ್ಲಿ ಓದಲು ಜಾಗ ಸಿಕ್ಕಿತು, ಮೂರು ಜನ ಸೇರಿ ಹಂಚಿಕೊಳ್ಳುವ ಕೋಣೆಯೂ ಸಿಕ್ಕಿತು. ಯಾರಿಗಾಗಿ ಅಪ್ಪನನ್ನು ಮನೆಯಲ್ಲಿ ಹಿಡಿದಿಡಲಾಗಿತ್ತೋ ಅವಳು ಸೆಪ್ಟೆಂಬರಿನ ಮೊದಲ ಭಾನುವಾರ ಎರಡು ಚೀಲ, ಒಂದು ಗಿಡ ಹಿಡಿದು ರೈಲು ಹತ್ತಿದಳು.

ಸೋಮವಾರ ಬೆಳಿಗ್ಗೆ ಏಳೂ ಇಪ್ಪತ್ತೈದಕ್ಕೆ ವೀಟ್ಸ್ಕೆ ಅಟ್ಟದ ಮೆಟ್ಟಿಲ ಬುಡದಿಂದ ಕೂಗಿದಳು.

"ಹಾರ್ಮೆನ್, ನಿನಗೆ ವೈಫೈ ಬರ್ತಿದೆಯಾ? ನನ್ನದು ಹೋಗಿದೆ."

"ಫೆನ್ನಾನ ಕೇಳು."

"ಕೇಳಿದೆ. ಮುಖ್ಯದ್ದು ಮುಚ್ಚಿಬಿಟ್ಟಿದೀನಿ ಅಂತ ಬರೆದಿದಾಳೆ. ಇಬ್ಬರೂ ಅತಿಥಿಗಳದ್ದೇ ಬಳಸಿ, ಇನ್ನು ಜಗಳ ಬೇಡ, ಅಂತ. ಫೋನ್ ಎತ್ತುತ್ತಿಲ್ಲ. ಪಾಸ್‌ವರ್ಡ್ ಏನು?"

"ಪಾಯಿಖಾನೆಯಲ್ಲಿದೆ. ಕ್ಯಾಲೆಂಡರಿನ ಅಂಚಲ್ಲಿ."

ವೀಟ್ಸ್ಕೆ ಹೋದಳು. ಬಾಗಿಲು ತೆರೆದ ಸದ್ದು ಕೇಳಿಸಿತು. ಅವಳು ಹಿಂದಕ್ಕೆ ಬಂದು ಮೆಟ್ಟಿಲ ಬುಡದಲ್ಲಿ, ಲ್ಯಾಪ್‌ಟಾಪ್ ಎರಡೂ ಕೈಯಲ್ಲಿ ಹಿಡಿದು ನಿಂತಳು. ಮೀಟಿಂಗಿಗೆ ಇನ್ನು ನಾಲ್ಕು ನಿಮಿಷವಿತ್ತು.

"ಎಷ್ಟು ದಿನ ಇರ್ತೀರಿ ಅಂತ ಕೇಳ್ತಿದೆ," ಎಂದಳು. "ನೀನು ಏನು ಒತ್ತುತ್ತೀಯ?"

ಹಾರ್ಮೆನ್ ಕಾಲುಚೀಲ ಏರಿಸಿಕೊಳ್ಳುತ್ತಿದ್ದವನು ನಿಲ್ಲಿಸಿದ.

"ಒಂದು ದಿನ," ಎಂದ. "ನಾಳೆ ಮತ್ತೆ ಕೇಳುತ್ತೆ."